ಪ್ರತಿಮಾ ಆರಿಸಿಕೊಂಡ ‘ಮೋಸ್ಟ್‌ಲಿ’

ಮಾತು ಎಲ್ಲಿಗೆ ಬಂದಿತ್ತು ಪುಟ್ಟಿ, ನಮ್ಮ ಹಿತ್ತಲ ರೂಮಿನಲ್ಲಿ ಬಾಡಿಗೆಗಿರುವ ಪ್ರತಿಮಾ ವಿಷಯಕ್ಕೆ ತಾನೇ? ಬರೆದುಕೋ. ನಾನು ಬಾಯಿಗೆ ಬಂದ ಹಾಗೆ ಹೇಳುತ್ತೇನೆ, ನೀನು ಪುಸ್ತಕದಲ್ಲಿರುವ ಹಾಗೆ ತಿದ್ದಿಕೋ. ನಡುವೆ ಬೇರೆ ಮಾತು ಬಂದರೆ ಬರಲಿ, ಮೊಮ್ಮಗಳೆಂದ ಮೇಲೆ ಕೇಳಬೇಕು.

ಪ್ರತಿಮಾ ಊರು ಮಾಗಡಿ ಕಡೆಯ ಗುಡೇಮಾರನಹಳ್ಳಿ. ಇಲ್ಲಿ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಮೂವತ್ತೇಳು ತುಂಬಿತು. ಅಪ್ಪ ಅವ್ವ ಇಬ್ಬರೂ ಇಲ್ಲ, ಅಣ್ಣ ಲೋಕೇಶ ಊರಲ್ಲಿ ಹೊಲ ನೋಡಿಕೊಂಡಿದ್ದಾನೆ. ಕೆಲಸದಿಂದ ಬಂದು ಬಾಗಿಲು ಹಾಕಿಕೊಂಡಳು ಅಂದರೆ ಮುಗಿಯಿತು. ಟೀವಿ ಹಾಕುತ್ತಾಳೆ, ನೋಡುವುದಿಲ್ಲ. ಮನೆಯಲ್ಲಿ ಯಾರೋ ಮಾತಾಡುತ್ತಿರಲಿ ಅಂತ. ನಿಮ್ಮ ತಾತ ಹೋದ ಹೊಸತರಲ್ಲಿ ನಾನೂ ರೇಡಿಯೋ ಹಾಗೇ ಇಟ್ಟುಕೊಂಡಿದ್ದೆ. ಆ ರೇಡಿಯೋ ನಿಮ್ಮಪ್ಪ ಎಲ್ಲಿ ಹಾಕಿದನೋ, ಕೇಳಬೇಕು.

ಹೋದ ವರ್ಷ ಲೋಕೇಶ ಫೋನಿನ ಮದುವೆ ಆಪ್‌ನಲ್ಲಿ ತಂಗಿಯ ಹೆಸರು ಹಾಕಿಸಿದ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರೆ ಒಳ್ಳೆ ಕಡೆಯಿಂದ ಬರುತ್ತಾರೆ ಅಂತ ಅವನ ನಂಬಿಕೆ. ಒಂದು ಭಾನುವಾರ ನಮ್ಮ ಜಗಲಿಯ ಮೇಲೆ ಕೂತು ಬರೆದಳು. ಜೊತೆಗೆ ಅವಳ ಲೈನಿನಲ್ಲೇ ಕೆಲಸ ಮಾಡುವ ಚೈತ್ರಾ, ಡಿಗ್ರಿ ಓದಿದವಳು. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಹೋದ ವರ್ಷದ ಅವರೆಗೆ ಸೊಗಡೇ ಇರಲಿಲ್ಲ ಬಿಡು. ಊಟದ ಸಾಲಿಗೆ ಬಂದು ಇಬ್ಬರೂ ನಿಂತುಬಿಟ್ಟರು. ಪೂರ್ತಿ ವೆಜ್ ಅಂದರೆ ಸುಳ್ಳು, ನಾನ್‌ವೆಜ್ ಅಂದರೂ ಸುಳ್ಳಿನ ಹಾಗೆ. ಹೆಚ್ಚುಪಾಲು ಸೊಪ್ಪು, ಕಾಳು ಅನ್ನಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತಲ್ಲ, ಬುಟ್ಟಿ ತುಂಬ ಇವೆಯಂತೆ.

“ಮೇನ್‌ಲಿ ಹಾಕಕ್ಕ, ಗತ್ತಾಗಿರ್ತದೆ,” ಅಂದಳು ಚೈತ್ರಾ.

“ಅದೇ ನನ್ ಮುಖ್ಯ ಕೆಲ್ಸ ಅಂದಂಗಾಯ್ತದೆ ಕಣೆ. ಸೊಪ್ಪು ತಿನ್ನಕ್ಕೇ ಹುಟ್ಟಿದೀನಾ ನಾನು?”

“ಜನರಲಿ?”

“ಅದು ಎಲ್ರಿಗೂ ಹೇಳೋ ಮಾತು. ಆಸ್ಪತ್ರೆ ಗೋಡೆ ಮ್ಯಾಲೆ ಬರ್ದಂಗಿರ್ತದೆ.”

“ಲಾರ್ಜ್‌ಲಿ ಅಂತ ಒಂದೈತೆ.”

“ನಮ್ ಮ್ಯಾನೇಜರ್ರು ರಿಪೋರ್ಟ್‌ನಲ್ಲಿ ಬರ್ಯೋದು ಅದು. ಅವ್ರ ಜೊತೆ ಊಟಕ್ಕೆ ಕೂತಂಗಾಯ್ತದೆ, ಬ್ಯಾಡ.”

“ಅಂಗಾರೆ ಮೋಸ್ಟ್‌ಲಿ. ಜಾಸ್ತಿ ದಿನ ಇಂಗೆ, ಒಂದೊಂದಿನ ಅಂಗೆ. ಅಷ್ಟೇ ಹೇಳ್ತದೆ.”

ಪ್ರತಿಮಾ ತಲೆಯಾಡಿಸಿದಳು. “ಅದೇ ಹಾಕು. ಅದು ಯಾಕೆ ಅಂತ ಕೇಳಲ್ಲ.”

ನಾನು ಕೇಳಿದೆ, “ಯಾಕವ್ವ, ಏನಾರ ಹರಕೆ ಹೊತ್ತಿದೀಯ?”

“ಇಲ್ಲ ಕಣಜ್ಜಿ. ಒಬ್ಳಿಗೋಸ್ಕರ ಯಾರ್ ಬಾಡು ಬೇಯಿಸ್ತಾರೆ?”

ನಿಜ ಕಣೇ ಪುಟ್ಟಿ. ಸೊಪ್ಪಿನ ಸಾರಾದರೆ ಗೋಡೆ ನೋಡಿಕೊಂಡು ಉಣ್ಣಬಹುದು. ಮಾಂಸದಡುಗೆ ಹಾಗಲ್ಲ. ಇನ್ನೊಂದು ತುಂಡು ಹಾಕಿಕೋ ಅನ್ನಬೇಕು, ಸಾಕು ಸಾಕು ಅನ್ನಿಸಿಕೊಳ್ಳಬೇಕು. ನಿಮ್ಮ ತಾತ ಮೂಳೆ ಹೀರುವ ಸದ್ದು ಪಕ್ಕದ ಮನೆಗೆ ಕೇಳುತ್ತಿತ್ತು. ಇರಲಿ. ನಾನು ಕರೆದರೆ ಅವಳು ಒಂದೊಂದು ಸಲ ಬರುತ್ತಾಳೆ, ನಾಲ್ಕು ತುತ್ತು ತಿಂದು ಎದ್ದುಬಿಡುತ್ತಾಳೆ. ಎಷ್ಟು ಬಡಿಸಿದರೂ ಬೇರೆಯವರ ಮನೆ ಬೇರೆಯವರ ಮನೆಯೇ.

ಆಮೇಲೆ ಕನಕಪುರದ ಅನಂತರಾಜು ಅಂತ ಒಬ್ಬ ನೋಡಲು ಬಂದ. ಹೆಂಡತಿ ತೀರಿಕೊಂಡಿದ್ದಾಳೆ, ಬಿಡದಿ ಫ್ಯಾಕ್ಟರಿಯಲ್ಲಿ ಕೆಲಸ, ಅಲ್ಲೇ ರೂಮು. ಜೊತೆಗೆ ಅವನ ಅಕ್ಕ ಕಾವೇರಮ್ಮ. ಲೋಕೇಶನೂ ಊರಿಂದ ಬಂದಿದ್ದ, ಎಲ್ಲರನ್ನೂ ನಮ್ಮ ನಡುಮನೆಯಲ್ಲೇ ಕೂರಿಸಿದೆವು. ಕಾವೇರಮ್ಮ ಕಾಫಿ ಮುಟ್ಟುವ ಮೊದಲೇ ಶುರು ಮಾಡಿದಳು.

“ಇದೇನವ್ವ, ಮೋಸ್ಟ್‌ಲಿ ವೆಜ್ ಅಂತ ಬರ್ದಿದೀಯ? ನಾವು ಮಾರಮ್ಮನಿಗೆ ಮರಿ ಕಡ್ಯೋರು. ಬೀಗರೂಟದಲ್ಲಿ ಮದುವಣಗಿತ್ತಿನೇ ಮೂಗು ಮುಚ್ಕಂಡು ಕೂತ್ರೆ ನಮ್ ಮರ್ವಾದಿ ಏನಾಗ್ಬೇಕು?”

“ತಿಂತಾಳೆ ಬುಡಕ್ಕ,” ಅಂದ ಲೋಕೇಶ. “ಇಂಗ್ಲಿಷ್ ತಿಳೀದೆ ಬರ್ದ್‌ಬುಟ್ಟವ್ಳೆ.”

“ತಿಳ್ದೇ ಬರ್ದಿದ್ದು ಕಣಣ್ಣ,” ಅಂದಳು ಪ್ರತಿಮಾ. “ನಾನು ತಿಂತೀನಿ. ಒಬ್ಳೇ ಬೇಯಿಸ್ಕಂಡು ತಿನ್ನಲ್ಲ, ಅಷ್ಟೇಯ.”

“ಒಗಟು ಹೇಳ್ತಾಳೆ,” ಅಂದಳು ಕಾವೇರಮ್ಮ. ಅನಂತರಾಜು ಲೋಟ ಕೆಳಗಿಟ್ಟು ಪ್ರತಿಮಾ ಮುಖ ನೋಡಿದ. ತಿಳಿಸುತ್ತೇವೆ ಅಂತ ಹೋದವರು ತಿಳಿಸಲೇ ಇಲ್ಲ. ಬೇರೆ ಯಾರೂ ಬರಲೂ ಇಲ್ಲ. ಲೋಕೇಶ ಫೋನಿನಲ್ಲಿ ಕೂಗಾಡುವುದು ನನಗೂ ಕೇಳುತ್ತಿತ್ತು: “ನಾನ್‌ವೆಜ್ ಅಂತ ಬದಲಾಯ್ಸು. ಯಾರ್ ಬಂದು ನಿನ್ ತಟ್ಟೆ ನೋಡ್ತಾರೆ?”

“ಯಾರೂ ನೋಡಲ್ಲ ಕಣಣ್ಣ. ಅದ್ನೇ ನಾನೂ ಬರ್ದಿರೋದು,” ಅಂದು ಫೋನಿಟ್ಟಳು. ಆ ಮಾತು ಬದಲಾಯಿಸಲಿಲ್ಲ. ಮತ್ತೆ ಬಾಗಿಲು, ಮತ್ತೆ ಟೀವಿ. ಹಬ್ಬ ಹುಣ್ಣಿಮೆಗೂ ಊರಿಗೆ ಹೋಗುವುದನ್ನು ಬಿಟ್ಟಳು.

ನಿನ್ನೆ ಯುಗಾದಿ. ಇವತ್ತು ಹೊಸತೊಡಕು, ಬಾಡೂಟದ ದಿನ. ಹತ್ತು ಮನೆಯವರು ಸೇರಿ ಮರಿ ಕಡಿದು, ಮಾಂಸವನ್ನು ಗುಡ್ಡೆ ಗುಡ್ಡೆ ಮಾಡಿ ಹಂಚಿಕೊಳ್ಳುವುದು ನಿನಗೆ ಗೊತ್ತಲ್ಲ. ಮನೆಗೊಂದು ಗುಡ್ಡೆ. ಒಂಟಿ ಜೀವ ಅಂತ ಅರ್ಧ ಗುಡ್ಡೆ ಯಾರೂ ಕೊಡುವುದಿಲ್ಲ. ಬೆಳಿಗ್ಗೆ ಅನಂತರಾಜು ಇವಳಿಗೆ ಫೋನು ಮಾಡಿದನಂತೆ.

“ಒಂದ್ ಗುಡ್ಡೆ ತಗಂಡಿವ್ನಿ. ನನ್ ರೂಮಲ್ಲೂ ಬಾಡು ಬೇಯಲ್ಲ, ನಿಮ್ಮಂಗೇಯ. ತತ್ತೀನಿ, ಬೇಯಿಸ್ತೀರಾ? ಅಕ್ಕಂಗೆ ಹೇಳೇ ಬತ್ತಿವ್ನಿ.”

ಮದುವೆ ಮಾತು ಅವನೂ ಎತ್ತಲಿಲ್ಲ, ಇವಳೂ ಕೇಳಲಿಲ್ಲ. ಬರಲಿ ಅಂದಿದ್ದಾಳೆ. ಆಗಲೇ ಬಂದು ನನ್ನ ಮುಂದೆ ನಿಂತಿದ್ದಳು. “ಅಜ್ಜಿ, ಅಷ್ಟಕ್ಕೆ ಖಾರ ಎಷ್ಟು ಹಾಕ್ಬೇಕು?” ಪಾಪ, ಇಬ್ಬರಿಗೆ ಬೇಯಿಸುವ ಅಳತೆಯೇ ಅವಳ ಕೈಗೆ ಮರೆತುಹೋಗಿದೆ.

ಸಾಕು, ಬರೆಯುವುದು ನಿಲ್ಲಿಸು. ಅಟ್ಟದ ಮೇಲೆ ನಮ್ಮ ದೊಡ್ಡ ಪಾತ್ರೆ ಇದೆ, ಹುಣಸೆಹಣ್ಣು ಹಾಕಿ ತೊಳೆದು ಅವಳಿಗೆ ಕೊಟ್ಟು ಬಾ. ಖಾರ ರುಬ್ಬಲು ನಾನೇ ಬರುತ್ತೇನೆ ಅನ್ನು. ಅವನು ಬಂದಿದ್ದರೆ ಬಾಗಿಲಲ್ಲೇ ಇಟ್ಟು ಬಾ, ಒಳಗೆ ಕೂತುಬಿಡಬೇಡ.