ಒಡೆಯರ ಮನೆಯ ಹೆಸರು ನನ್ನ ಹೆಸರಿನಲ್ಲಿ

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೊಸನಗರದಿಂದ ಸಾಗರಕ್ಕೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಬಿ.ಕಾಂ. ಮಾಡಿದ್ದೇನೆ, ಕೂತು ಮಾಡಿದವರು ಬೇಕಾದರೆ ಸಂಕೋಚಪಡಲಿ. ಪದವಿ ಪತ್ರಕ್ಕೆ ಫ್ರೇಮ್ ಹಾಕಿಸಿ ನನ್ನ ಅಂಗಡಿಯಲ್ಲಿ ಜೆರಾಕ್ಸ್ ಯಂತ್ರದ ಮೇಲಿನ ಗೋಡೆಗೆ ನೇತುಹಾಕಿದ್ದೇನೆ. ಜೆರಾಕ್ಸಿಗೆ ಬಂದವರು ಕಾಯುವಾಗ ಅದನ್ನು ಓದಲೇಬೇಕು, ಬೇರೆ ಓದಲು ಅಲ್ಲೇನೂ ಇಲ್ಲ.

ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಆ ಅಂಗಡಿಯಲ್ಲಿ ಜೆರಾಕ್ಸ್, ಅರ್ಜಿ ಟೈಪಿಂಗ್, ಪಹಣಿ ತೆಗೆದುಕೊಡುವುದು ಇವು ಅನ್ನದ ಕೆಲಸ. ಓದಿದ್ದಕ್ಕೆ ತಕ್ಕ ಕೆಲಸವೆಂದು ನಾನು ಇಟ್ಟುಕೊಂಡದ್ದು ಇನ್ನೊಂದು: ವೆಬ್‌ಸೈಟಿನ ಹೆಸರು ಮಾರುವುದು. ಹೆಸರಿನ ಕೊನೆಗೆ ಒಂದು ಚುಕ್ಕಿ ಇಟ್ಟು ದೇಶದ ಗುರುತು ಹಾಕುತ್ತಾರಲ್ಲ, ನಮ್ಮ ದೇಶದ್ದು ‘ಡಾಟ್ ಇನ್’, ಅದೇ. ಹೀಗೆ ಒಂದೊಂದು ದೇಶಕ್ಕೂ ಒಂದೊಂದು ಬಾಲವಿದೆ, ಒಂದೊಂದು ಬಾಲಕ್ಕೂ ಬೇರೆ ಬೇರೆ ದರ, ಬೇರೆ ಬೇರೆ ಕಟ್ಟಳೆ. ಕೆಲವು ದೇಶದವರು ಅಲ್ಲಿನ ವಾಸಿಗಳಿಗೆ ಮಾತ್ರ ಕೊಡುತ್ತಾರೆ. ಇನ್ನು ಕೆಲವು ಪುಟ್ಟ ದ್ವೀಪಗಳಿಗೆ ಈ ಬಾಲದ್ದೇ ದೊಡ್ಡ ಆದಾಯವಂತೆ. ನಮ್ಮದು ಅಗ್ಗ. ಮೇಲೆ ದೇಶದ ನೋಂದಣಿ ಕಚೇರಿ, ಅದರ ಕೆಳಗೆ ದೊಡ್ಡ ಕಂಪನಿಗಳು, ಅವುಗಳ ಕೆಳಗೆ ಮುಂಗಡ ಕಟ್ಟಿ ಚಿಲ್ಲರೆ ಮಾರುವ ನನ್ನಂಥವರು. ಅಂಗಡಿಯ ಬೋರ್ಡಿನಲ್ಲಿ ‘ನಿಮ್ಮ ಹೆಸರು, ನಿಮ್ಮ ಸ್ವಂತ’ ಎಂದು ಬರೆಸಿದ್ದೆ.

ಅದು ಸುಳ್ಳು ಎಂದು ತಿಳಿಯಲು ನನಗೆ ಎರಡನೇ ವರ್ಷದ ತನಕ ಬೇಕಾಯಿತು. ಮೊದಲ ವರ್ಷಕ್ಕೆ ಕಂಪನಿಯವರು ಎರಡು ಮಸಾಲೆ ದೋಸೆಯ ದರಕ್ಕೆ ಹೆಸರು ಕೊಡುತ್ತಾರೆ. ಎರಡನೇ ವರ್ಷ ಅದನ್ನು ಉಳಿಸಿಕೊಳ್ಳಬೇಕೆಂದರೆ ಅದರ ಐದಾರು ಪಟ್ಟು, ಮೇಲೆ ತೆರಿಗೆ. ಕಟ್ಟದಿದ್ದರೆ ಕೆಲವು ವಾರ ಸುಮ್ಮನಿರುತ್ತಾರೆ, ಆಮೇಲೆ ದಂಡ ಸೇರಿಸಿ ಇನ್ನಷ್ಟು ಕೇಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹೆಸರು ಬಯಲಿಗೆ ಬೀಳುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಬ್ಯಾಕೋಡಿನಲ್ಲಿ ಹೋಂಸ್ಟೇ ನಡೆಸುವವರೊಬ್ಬರು ನವೀಕರಣದ ದರ ಕೇಳಿ ಅಂಗಡಿಗೇ ಬಂದು ಜಗಳ ಆಡಿದರು. ಒಂದು ಸಲ ತಗೊಂಡ ಮೇಲೆ ಮುಗೀತು, ಎಮ್ಮೆ ತಗೊಂಡವರು ಪ್ರತಿ ವರ್ಷ ದುಡ್ಡು ಕೊಡ್ತಾರಾ ಎಂದು ಅವರ ವಾದ. ನಾನು ಲೈಸೆನ್ಸು, ಅವಧಿ, ಒಪ್ಪಂದ ಎಂದು ಅರ್ಧ ಗಂಟೆ ವಿವರಿಸಿದೆ. ಅವರ ಮುಖ ಇನ್ನಷ್ಟು ಕೆಂಪಾಯಿತು.

ಅಪ್ಪ ಅವತ್ತು ಗೊಬ್ಬರದ ಚೀಲ ಒಯ್ಯಲು ಪೇಟೆಗೆ ಬಂದು ಅಂಗಡಿಯ ಮೂಲೆಯಲ್ಲಿ ಕೂತಿದ್ದರು. ಅವರು ಓದಿದ್ದು ಮೂರನೇ ಕ್ಲಾಸು. ಎಲ್ಲ ಕೇಳಿಸಿಕೊಂಡು, “ಗೇಣಿ ಅಂತ ಹೇಳೇ ಮಾರಾಯ್ತಿ,” ಎಂದರು. ಬ್ಯಾಕೋಡಿನವರು ತಕ್ಷಣ ತಣ್ಣಗಾದರು. ಹಾಗಂತ ಮೊದಲೇ ಹೇಳಬಾರದಾ ಎಂದು ನನಗೇ ಬೈದು ದುಡ್ಡು ಕೊಟ್ಟು ಹೋದರು. ಸಂಜೆ ಪೇಂಟರನ್ನು ಕರೆಸಿ ಬೋರ್ಡಿನ ‘ಸ್ವಂತ’ದ ಮೇಲೆ ಬಣ್ಣ ಬಳಿಸಿದೆ.

ಗೇಣಿ ಎಂದರೇನೆಂದು ನಮ್ಮ ಮನೆಗೆ ಯಾರೂ ಕಲಿಸಬೇಕಿಲ್ಲ. ನಮ್ಮಜ್ಜ ನಮ್ಮ ತಾಲ್ಲೂಕಿನಲ್ಲೇ ತೀರ್ಥಹಳ್ಳಿ ಕಡೆಗಿರುವ ಒಡೆಯರ ಮನೆಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ಗೇಣಿ ಮಾಡುವವರಿಗೇ ಭೂಮಿ ಎಂದು ಕಾನೂನು ಬಂದಾಗ ಅಜ್ಜ ಡಿಕ್ಲರೇಷನ್ ಕೊಟ್ಟರು. ಉತ್ತವರು ಅವರೇ ಎಂಬುದಕ್ಕೆ ಇದ್ದ ಸಾಕ್ಷಿ ಒಂದೇ: ಯಾವುದೋ ವರ್ಷ ಗೇಣಿ ಭತ್ತ ಅಳೆದು ಕೊಟ್ಟಾಗ ದೊಡ್ಡ ಒಡೆಯರು ರುಜು ಹಾಕಿ ಕೊಟ್ಟಿದ್ದ ಒಂದು ಚೀಟಿ. ಆ ಚೀಟಿಯ ಮೇಲೆ ಗದ್ದೆ ನಮ್ಮದಾಯಿತು. ಗದ್ದೆಗೆ ಹೋಗುವ ದಾರಿ ಮಾತ್ರ ಆಗಲಿಲ್ಲ. ಅದು ಒಡೆಯರ ಹಕ್ಕಲಿನ, ಅಂದರೆ ಸಾಗುವಳಿಯಿಲ್ಲದೆ ಬಿಟ್ಟ ಜಾಗದ, ಅಂಚಿನಲ್ಲಿ ಹಾದುಹೋಗುತ್ತದೆ, ಆ ಹಕ್ಕಲು ಅವರಿಗೇ ಉಳಿಯಿತು. ಹಾಗಾಗಿ ಟಿಲ್ಲರ್ ಹೋಗಬೇಕಾದರೂ, ಕೊಯ್ಲಿನ ಮಿಷನ್ ಇಳಿಯಬೇಕಾದರೂ ಅಪ್ಪ ಹೋಗಿ ಕೇಳಬೇಕು. ಒಡೆಯರು ಒಮ್ಮೆಯೂ ಇಲ್ಲ ಎಂದವರಲ್ಲ. ಹೋಗಿ ಕೇಳುವ ತನಕ ಹೂಂ ಎಂದವರೂ ಅಲ್ಲ. ಅಪ್ಪನಿಗೆ ಎಪ್ಪತ್ತು ದಾಟಿದೆ. ಕೇಳಲು ಹೋಗುವ ದಿನ ಅವರು ಬೆಳಿಗ್ಗೆ ತಿಂಡಿ ತಿನ್ನುವುದಿಲ್ಲ.

ಒಡೆಯರ ಮನೆಯವರು ಗಿರಾಕಿಗಳಾಗಿ ನನ್ನ ಅಂಗಡಿಗೆ ಬಂದದ್ದು ಐದು ವರ್ಷದ ಹಿಂದೆ. ಸಣ್ಣ ಒಡೆಯರು, ಅಂದರೆ ಚೀಟಿಗೆ ರುಜು ಹಾಕಿದವರ ಮಗ, ಈಗ ಎಂಬತ್ತರ ಹತ್ತಿರದವರು. ಜೊತೆಗೆ ಅವರ ಸೊಸೆ. ಆಕೆ ಜೋನಿಬೆಲ್ಲವನ್ನು ಬಾಟಲಿಗೆ ತುಂಬಿ ಮಾರುವ ಕೆಲಸ ಶುರುಮಾಡಿದ್ದರು. ಲೇಬಲ್ಲಿನ ಮೇಲೆ ಹಾಕಲು ಮನೆತನದ ಹೆಸರಿನಲ್ಲೇ ಒಂದು ಡಾಟ್ ಇನ್ ಬೇಕಿತ್ತು. ಹೆಸರು ಖಾಲಿಯಿತ್ತು. ಯಾರ ಹೆಸರಿನಲ್ಲಿ ನೋಂದಾಯಿಸಲಿ ಎಂದು ಕೇಳಿದೆ. ಸೊಸೆ ಬಾಯಿ ತೆರೆಯುವ ಮೊದಲೇ ಒಡೆಯರು ಕೈ ಎತ್ತಿದರು.

“ನಮ್ ಮನೇರ ರುಜು, ಒಟಿಪಿ ಎಂತದೂ ಬ್ಯಾಡ. ನಮ್ಮಪ್ಪ ಒಂದು ಚೀಟಿಗೆ ರುಜು ಹಾಕಿದ್ದಕ್ಕೆ ಹನ್ನೆರಡು ಎಕರೆ ಹೋಯ್ತು. ನಿನ್ ಹೆಸರಲ್ಲೇ ಹಾಕ್ಕ.”

ಆ ಹನ್ನೆರಡರಲ್ಲಿ ಮೂರು ಎಕರೆ ಹೋದದ್ದು ಯಾರಿಗೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಕಾಗದ ಎಂದರೆ ಅವರಿಗೆ ಹೆದರಿಕೆ, ಅಷ್ಟೇ. ಹಾಗೆ, ಹೆಸರು ಹೋದೀತು ಎಂಬ ಭಯದಿಂದ ಮನೆತನದ ಹೆಸರನ್ನು ತಮ್ಮ ಹಳೆಯ ಗೇಣಿದಾರನ ಮೊಮ್ಮಗಳ ಹೆಸರಿಗೆ ಬರೆಸಿ, ಸಮಾಧಾನದಿಂದ ಬಸ್ಸು ಹತ್ತಿದರು.

ನಾನೂ ಹಾಕಿಕೊಂಡೆ. ಅದಾಗಲೇ ಅದು ನನಗೆ ರೂಢಿಯಾಗಿತ್ತು. ನೋಂದಣಿಗೆ ಗಿರಾಕಿಯ ಮೊಬೈಲಿಗೆ ಬರುವ ಒಟಿಪಿ ಬೇಕು. ಅದನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ದಿನಾ ಕೂಗುವುದರಿಂದ ಗಿರಾಕಿಗಳು ನನಗೂ ಹೇಳುತ್ತಿರಲಿಲ್ಲ. ಕೆಲಸ ಮುಗಿಯಲಿ ಎಂದು, ಒಡೆಯರದ್ದೂ ಸೇರಿ ಒಟ್ಟು ಮೂವತ್ತಾರು ಹೆಸರುಗಳನ್ನು ನನ್ನ ಹೆಸರು, ನನ್ನ ಮೊಬೈಲು ಕೊಟ್ಟೇ ತೆಗೆದಿದ್ದೆ. ಬೇರೆಯವರ ಪರವಾಗಿ ಹೀಗೆ ಇಟ್ಟುಕೊಳ್ಳಬಾರದು ಎಂದು ಡಾಟ್ ಇನ್ ಕಟ್ಟಳೆಯಲ್ಲೇ ಇದೆ. ಅದನ್ನು ನಾನು ಓದಿರಲಿಲ್ಲ. ಪದವೀಧರೆ ಎಂದು ಗೋಡೆಗೆ ಹಾಕಿಕೊಂಡವಳು ಓದದೇ ‘ಒಪ್ಪಿದ್ದೇನೆ’ ಎಂಬಲ್ಲಿ ಒತ್ತುತ್ತಿದ್ದೆ.

ಜೋನಿಬೆಲ್ಲ ಚೆನ್ನಾಗಿ ನಡೆಯಿತು. ಸಾಗರದ ಅಂಗಡಿಗಳಿಗೆ, ತಾಳಗುಪ್ಪದ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರ ಚೀಲಗಳಿಗೆ ಬಾಟಲಿಗಳು ಸೇರಿಕೊಂಡವು. ಹೋದ ವರ್ಷ ಬೆಂಗಳೂರಿನ ಒಂದು ದೊಡ್ಡ ಅಂಗಡಿಯವರು ತಮ್ಮ ಎಲ್ಲ ಶಾಖೆಗಳಿಗೂ ಬೇಕು ಎಂದರಂತೆ. ಒಂದೇ ಷರತ್ತು: ಲೇಬಲ್ಲಿನ ಮೇಲಿರುವ ವೆಬ್‌ಸೈಟಿನ ಹೆಸರು ಬೆಲ್ಲ ಮಾಡುವವರದ್ದೇ ಎಂಬುದಕ್ಕೆ ದಾಖಲೆ ಬೇಕು, ಹದಿನೈದು ದಿನದೊಳಗೆ. ಸೊಸೆ ದಾಖಲೆ ಕೇಳಿ ನನಗೆ ಫೋನು ಮಾಡಿದರು. ತೆಗೆದು ಕಳಿಸಿದೆ. ಅದರಲ್ಲಿ ಮಾಲೀಕರ ಜಾಗದಲ್ಲಿ ನನ್ನ ಹೆಸರಿತ್ತು.

ಆ ವಿಷಯವನ್ನು ಮನೆಯಲ್ಲಿ ಹೇಳಬಾರದಿತ್ತು. ಊಟ ಮಾಡುವಾಗ ಮಾತಿಗೆ ಹೇಳಿದೆ. ಅಪ್ಪ ತುತ್ತು ಕೆಳಗಿಟ್ಟರು. ಒಡೆಯರ ಮನೆಯ ಹೆಸರು ನಿನ್ನ ಹೆಸರಲ್ಲಿದೆಯಾ ಎಂದು ಕೇಳಿದರು. ಎರಡು ಸಲ ಕೇಳಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

“ದಾರಿ ಬರ್ಕೊಡ್ಲಿ. ಹೆಸರು ಬಿಟ್ಕೊಡು.”

ನನಗೆ ಆ ರಾತ್ರಿ ಏನೂ ತಪ್ಪು ಕಾಣಲಿಲ್ಲ. ಒಂದು ಮಿಷನ್ ಹೋಗುವಷ್ಟು ಅಗಲದ ಪಟ್ಟಿ, ಅವರಿಗೆ ಅದರಿಂದ ಒಂದು ಹೊರೆ ಸೊಪ್ಪೂ ಇಲ್ಲ. ನಮಗೆ ಅದು ಅಪ್ಪನ ಬೆಳಗಿನ ತಿಂಡಿ. ಆದರೂ ಮರುದಿನ ಅಂಗಡಿಗೆ ಹೋಗಿ, ಇಷ್ಟು ವರ್ಷ ತಡವಾಗಿ, ಕಟ್ಟಳೆಗಳನ್ನು ಮೊದಲ ಪುಟದಿಂದ ಓದಲು ಕುಳಿತೆ. ಇಂಗ್ಲಿಷು ಗಟ್ಟಿಯಾಗಿತ್ತು. ನಿಘಂಟು ತೆರೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ನನಗೆಂದೇ ಬರೆದಂಥ ಸಾಲು ಸಿಕ್ಕಿತು. ಒಂದು ಹೆಸರು ನ್ಯಾಯವಾಗಿ ಯಾರದೋ, ಅದನ್ನು ಅವರಿಗೇ ಮಾರಹೊರಟು, ಆಗಿರುವ ನಿಜವಾದ ಖರ್ಚಿಗಿಂತ ಹೆಚ್ಚಿನದನ್ನು ಕೇಳಿದರೆ, ಅದು ದುರುದ್ದೇಶಕ್ಕೆ ಸಾಕ್ಷಿ. ದೂರು ಹೋದರೆ ಹೆಸರೂ ಹೋಗುತ್ತದೆ. ಕೇಳುವುದು ದುಡ್ಡೇ ಆಗಬೇಕೆಂದಿಲ್ಲ. ಬೆಲೆಬಾಳುವ ಯಾವುದನ್ನು ಕೇಳಿದರೂ ಅಷ್ಟೇ. ದಾರಿಗೆ ಬೆಲೆ ಇಲ್ಲ ಎಂದು ವಾದಿಸಬಹುದಿತ್ತೇನೋ. ಅಪ್ಪನನ್ನು ಕೂರಿಸಿಕೊಂಡು ಆ ವಾದ ಮಾಡಲು ನನ್ನಿಂದಾಗುತ್ತಿರಲಿಲ್ಲ.

ಸಂಜೆ ಅಪ್ಪನಿಗೆ ಹೇಳಿದೆ. ಅವರು ಸಮಾಧಾನವಾಗಿಯೇ ಕೇಳಿದರು.

“ಅವ್ರ ಬೆಲ್ಲ ಅವ್ರ ಹೆಸರಲ್ಲಿ ಮಾರಿದ್ರು, ಹಂಗಾಗಿ ಹೆಸರು ಅವ್ರದ್ದು. ಒಪ್ದೆ. ನಾವು ಐವತ್ತು ವರ್ಷ ನಡ್ದ ದಾರಿ ಯಾರ್ದು? ಅದ್ಕೆ ಎಂತ ಬರ್ದಿದಾರೆ ನಿನ್ ಪುಸ್ತಕದಲ್ಲಿ?”

ನಾನು ಎದ್ದು ಹೋಗಿ, ಅಂಗಡಿಗೆ ಬನ್ನಿ ಎಂದು ಸೊಸೆಗೆ ಫೋನು ಮಾಡಿದೆ.

ಗಡುವಿಗೆ ನಾಲ್ಕು ದಿನವಿರುವಾಗ ಒಡೆಯರೂ ಸೊಸೆಯೂ ಅಂಗಡಿಗೆ ಬಂದರು. ಒಡೆಯರಿಗೆ ಕುರ್ಚಿ ಕೊಟ್ಟೆ. ಅವರು ಗೋಡೆಯ ಮೇಲಿನ ಪದವಿ ಪತ್ರವನ್ನು ಪೂರ್ತಿ ಓದಿದರು. ನಾನು ವಿಷಯ ಬಿಡಿಸಿ ಹೇಳಿದೆ: ಸೊಸೆಯ ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಂದು ಒಟಿಪಿ ಬರುತ್ತದೆ, ಅದನ್ನು ಅವರೇ ಹಾಕಿದರೆ ಹೆಸರು ಅವರದ್ದಾಗುತ್ತದೆ. ಎಷ್ಟು ಕೊಡಬೇಕು ಎಂದು ಒಡೆಯರು ಕೇಳಿದರು. ಈ ವರ್ಷದ ನವೀಕರಣದ ದರ, ಅಷ್ಟೇ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಮತ್ತೆ ಕೇಳಿದರು, ಮತ್ತೆ ಅಷ್ಟೇ ಎಂದೆ. ಅವರು ಸೊಸೆಯ ಕಡೆ ತಿರುಗಿ, ಇದರಲ್ಲಿ ಏನೋ ಇದೆ, ಇವತ್ತು ಬೇಡ, ಮನೆಗೆ ಹೋಗಿ ಯೋಚನೆ ಮಾಡುವ ಎಂದು ಎದ್ದೇಬಿಟ್ಟರು. ಹತ್ತು ಸಾವಿರ ಎಂದಿದ್ದರೆ ಚೌಕಾಸಿ ಮಾಡಿ ಐದಕ್ಕೆ ಇಳಿಸಿ ನೆಮ್ಮದಿಯಿಂದ ಕೊಡುತ್ತಿದ್ದರು. ನಾನು ನ್ಯಾಯವಾಗಿದ್ದುದೇ ಅವರಿಗೆ ಸಂಶಯಕ್ಕೆ ಕಾರಣವಾಯಿತು.

ಸೊಸೆ ಅವರನ್ನು ಪಕ್ಕದ ಹೋಟೆಲಿನಲ್ಲಿ ಚಾ ಕುಡಿಯಲು ಕೂರಿಸಿ ಒಬ್ಬರೇ ವಾಪಸು ಬಂದರು. ಬಾಗಿಲಲ್ಲೇ ನಿಂತು ತಗ್ಗಿದ ದನಿಯಲ್ಲಿ ಹೇಳಿದರು.

“ದಾರಿ ವಿಷ್ಯ ನಂಗೂ ಗೊತ್ತು ಮಾರಾಯ್ತಿ. ಕೇಳೋದಾದ್ರೆ ಈಗ್ಲೇ ಕೇಳಿ. ನಾನು ಒಟಿಪಿ ಹಾಕಿದ್ಮೇಲೆ ಮಾವ ಈ ಕಡೆ ತಿರುಗೂ ನೋಡಲ್ಲ.”

ನಾನು ಕೇಳಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಕಟ್ಟಳೆ ಹಾಗಿದೆ ಎಂದೆ. ಇಷ್ಟು ವರ್ಷ ಮುರಿದುಕೊಂಡೇ ಬಂದಿದ್ದ ಕಟ್ಟಳೆಗಳ ಪೈಕಿ ಒಂದನ್ನು ಅವತ್ತು ಎತ್ತಿ ಹಿಡಿದೆ. ನಿಜ ಹೇಳಬೇಕೆಂದರೆ ಅದು ಕಟ್ಟಳೆಯೂ ಅಲ್ಲ, ಜಂಭ. ಒಡೆಯರ ಮನೆಯವರು ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಕೇಳುವ ಹಾಗಾಗಿದೆ, ನಾನು ಏನೂ ಕೇಳದೆ ಕೊಡುವವಳಾಗಿದ್ದೇನೆ. ಆ ಒಂದು ಗಳಿಗೆಯ ಸುಖಕ್ಕೆ ಅಪ್ಪನ ದಾರಿಯನ್ನು ಖರ್ಚು ಮಾಡಿದೆ.

ಸೊಸೆ ಮಾವನಿಗೆ ಹೇಳದೆಯೇ ಫೋನು ತೆಗೆದು ಒಟಿಪಿ ಹಾಕಿದರು. ಒಡೆಯರ ಚಾ ಮುಗಿಯುವುದರೊಳಗೆ ಹೆಸರು ವರ್ಗವಾಗಿತ್ತು. ಬೆಂಗಳೂರಿನ ಅಂಗಡಿಯವರಿಗೆ ದಾಖಲೆ ಅಲ್ಲಿಂದಲೇ ಹೋಯಿತು. ಅವರ ಆರ್ಡರು ಉಳಿಯಿತು.

ನಡೆದದ್ದನ್ನು ಮನೆಯಲ್ಲಿ ಹೇಳಿದೆ. ಅಪ್ಪ ಎರಡು ವಾರ ಅಂಗಡಿಯ ಕಡೆ ಬರಲಿಲ್ಲ, ಗೊಬ್ಬರದ ಚೀಲವನ್ನು ಬೇರೆಯವರ ಜೀಪಿನಲ್ಲಿ ತರಿಸಿಕೊಂಡರು. ನನ್ನನ್ನು ಓದಿಸಿದ್ದಕ್ಕೆ ಏನಾಯಿತು ನೋಡು ಎಂದು ಅಮ್ಮನ ಹತ್ತಿರ ಹೇಳಿದರಂತೆ. ಹೊಗಳಿದ್ದೋ ಬೈದದ್ದೋ ಎಂದು ಅಮ್ಮನಿಗೂ ತಿಳಿಯಲಿಲ್ಲ. ಉಳಿದ ಮೂವತ್ತೈದು ಗಿರಾಕಿಗಳಿಗೆ ಫೋನು ಮಾಡಿ ನಿಮ್ಮ ಹೆಸರು ನಿಮಗೇ ಮಾಡಿಕೊಳ್ಳಿ ಎಂದೆ. ನಿಮ್ಮಲ್ಲೇ ಇರಲಿ ಬಿಡಿ, ನಮಗೆ ಆ ರಗಳೆ ಬೇಡ ಎಂದು ಬಹಳ ಜನ ಹೇಳಿದರು. ಬ್ಯಾಕೋಡಿನವರು ಮಾತ್ರ ಮರುದಿನವೇ ಬಂದು ಮಾಡಿಸಿಕೊಂಡು ಹೋದರು.

ಮೂರನೇ ವಾರ ಅಪ್ಪ ಅಂಗಡಿಗೆ ಬಂದರು. ಕೂರಲಿಲ್ಲ. ಗಿರಾಕಿಗಳ ಸಾಲಿನಲ್ಲೇ ನಿಂತು, ತಮ್ಮ ಸರದಿ ಬಂದಾಗ, ತಹಶೀಲ್ದಾರರಿಗೆ ಒಂದು ಅರ್ಜಿ ಬರೆಯಬೇಕು ಎಂದರು. ಐವತ್ತು ವರ್ಷದಿಂದ ಓಡಾಡಿದ ದಾರಿ, ಅದನ್ನು ದಾರಿ ಎಂದು ದಾಖಲೆಯಲ್ಲಿ ಗುರುತಿಸಬೇಕು, ಇಷ್ಟೇ ಇರಲಿ, ಯಾರ ಮೇಲೂ ದೂರು ಬೇಡ. ಟೈಪ್ ಮಾಡಿದೆ. ಜಮೀನಿನ ಮಾಲೀಕರು ಎಂಬಲ್ಲಿ ಒಡೆಯರ ಹೆಸರನ್ನು ಪೂರ್ತಿಯಾಗಿ ಹಾಕಲು ಹೇಳಿದರು, ಗೌರವದ ‘ಶ್ರೀ’ ಸಮೇತ. ಹಾಕಿದೆ. ಓದಿ ಹೇಳು ಎಂದರು, ಹೇಳಿದೆ. ಅರ್ಜಿಗೆ ಎಷ್ಟು ಎಂದು ಕೇಳಿ ಜೇಬಿಗೆ ಕೈ ಹಾಕಿದರು. ಬೇಡ ಎಂದೆ. ಅಷ್ಟು ಜನರೆದುರು ದುಡ್ಡನ್ನು ಮೇಜಿನ ಮೇಲಿಟ್ಟು, ರಸೀದಿ ಕೊಡು ಎಂದರು.

ಕೊಟ್ಟೆ. ರುಜು ಹಾಕಿ ಕೊಟ್ಟೆ. ಅವರು ಅದನ್ನು ಎರಡು ಮಡಿಕೆ ಮಾಡಿ ಅರ್ಜಿಯ ಜೊತೆ ಇಟ್ಟುಕೊಂಡು, ತಾಲ್ಲೂಕು ಕಚೇರಿಯ ಕಡೆ ನಡೆದರು. ಗುಮಾಸ್ತರು ಪ್ರತಿ ಸಲವೂ ಮುಂದಿನ ಮಂಗಳವಾರ ಬರಲು ಹೇಳುತ್ತಾರಂತೆ. ಅಪ್ಪ ಈಗ ಮಂಗಳವಾರಗಳಂದು ಬೆಳಿಗ್ಗೆ ತಿಂಡಿ ತಿಂದೇ ಹೊರಡುತ್ತಾರೆ.