ಮೂರೂ ಗುಂಪಿನಲ್ಲಿ ಅಕ್ಕ

ಬಳೆ ಎಣಿಸುವುದಕ್ಕೆ ಕೋಡ್ ಬರೆದ ಗಂಡಸನ್ನು ನೋಡಿದ್ದೀರಾ? ನಾನೇ. ನಗಬೇಡಿ. (ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.)

ಯೂಟ್ಯೂಬ್ ನೋಡಿ ಪೈಥಾನ್ ಕಲಿತ ಮೇಲೆ ನನ್ನ ಕೈ ಸುಮ್ಮನಿರುವುದಿಲ್ಲ. ಸ್ಕೂಲ್ ದಿನಗಳ ಗೆಳೆಯ ರುದ್ರೇಶನಿಗೆ ಬಳೇಪೇಟೆಯಲ್ಲಿ ಬಳೆ ಅಂಗಡಿ. ಯಾವ ಸೈಜು ಎಷ್ಟು ತರಿಸಬೇಕೋ ತಿಳಿಯುತ್ತಿಲ್ಲ ಎಂದು ಹೋದ ವಾರ ಗೋಳಾಡಿದ. ಅಷ್ಟೇ ತಾನೇ ಎಂದು ಅವನ ಒಂದು ವರ್ಷದ ಬಿಲ್ಲುಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ.

ಬಳೆಯ ಸೈಜೆಂದರೆ ಬರೀ ಅಂಕಿ. 2.4ರವರೆಗೆ ಚಿಕ್ಕದು, 2.6 ಮಧ್ಯಮ, 2.8 ದೊಡ್ಡದು. ಹೀಗೆ ಮೂರು ಗುಂಪು ಮಾಡು, ಒಂದೊಂದರಲ್ಲಿ ಎಷ್ಟು ಗಿರಾಕಿಗಳು ಎಣಿಸು ಎಂದು ನಾಲ್ಕು ಸಾಲು ಕೋಡ್ ಬರೆದೆ. ತಕ್ಷಣ ಎಣಿಸಿ ಕೊಟ್ಟಿತು.

ಆದರೆ ತಾಳೆಯಾಗಲಿಲ್ಲ. ಮೂರು ಗುಂಪು ಕೂಡಿದರೆ ಒಟ್ಟು ಗಿರಾಕಿಗಳಿಗಿಂತ ಜಾಸ್ತಿ! ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಅಮ್ಮಂದಿರು ಮಗಳಿಗೆ, ಸೊಸೆಗೆ ಬೇರೆ ಸೈಜು ಕೊಳ್ಳುತ್ತಾರಲ್ಲ, ಅವರು ಎರಡೆರಡು ಕಡೆ ಎಣಿಕೆಯಾಗಿದ್ದಾರೆ. ಸರಿ, ಮೂರೂ ಗುಂಪಿನಲ್ಲಿರುವವರ ಹೆಸರು ತೋರಿಸು ಎಂದೆ.

ಕೆಲವೇ ಹೆಸರು ಬಂದವು. ಮೂರನೆಯದು: ವಿಮಲ ಟೀಚರ್, ಶಂಕರಪುರಂ.

ನನ್ನ ಅಕ್ಕ. ತೀರಿಕೊಂಡು ನಾಲ್ಕು ತಿಂಗಳಾಯಿತು.

ಮದುವೆ ಮಾಡಿಕೊಳ್ಳದೆ ನನ್ನನ್ನು ಓದಿಸಿದವಳು. ಮಗಳಿಲ್ಲ, ಸೊಸೆಯಿಲ್ಲ. (ನನ್ನ ಮಗಳಿಗೋ ಸ್ಮಾರ್ಟ್‌ವಾಚ್ ಬಿಟ್ಟರೆ ಕೈಗೆ ಬೇರೇನೂ ಬೇಡ.) ಮತ್ತೆ ಮೂರು ಸೈಜು ಯಾರಿಗೆ? ಎಂಟ್ರಿ ತಪ್ಪಿರಬೇಕು, ಅಳಿಸಿಬಿಡಲೇ ಎಂದು ಕೇಳಲು ಅಂಗಡಿಗೇ ಹೋದೆ.

ರುದ್ರೇಶ ನನ್ನನ್ನು ಹೊರಗೆ ಕರೆದುಕೊಂಡು ಬಂದ.

"ತಪ್ಪಲ್ಲ ಕಣೋ, ಎಲ್ಲಾ ಅಕ್ಕಂದೇ. ಯುಗಾದೀಲಿ ಎರಡು-ಎಂಟು ತಗೊಂಡ್ರು. ಗೌರಿ ಹಬ್ಬದ ಹೊತ್ತಿಗೆ ಅದು ಮೊಣಕೈವರೆಗೂ ಜಾರ್ತಿತ್ತು, ಎರಡು-ಆರು ಹಾಕ್ದೆ. ದೀಪಾವಳಿಗೆ ಎರಡು-ನಾಲ್ಕು. ಮೂರು ಸಲಾನೂ ಅದೇ ಹಸಿರು. ಬಳೆ ಸಡಿಲ ಆದ್ರೆ ತಮ್ಮಂಗೆ ಗೊತ್ತಾಗ್ಬಿಡತ್ತೆ, ನೀನು ಬಾಯಿ ಬಿಡ್ಬೇಡ ಅಂದ್ರು."

ಕಾಯಿಲೆ ಅವಳಿಗೆ ಮೊದಲೇ ಗೊತ್ತಿತ್ತಂತೆ. ನನ್ನ ಮಗಳ ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಿದ್ದಳಂತೆ. ಪರೀಕ್ಷೆಯವರೆಗೆ ಅವಳೇ ಉಳಿಯಲಿಲ್ಲ. ಆಸ್ಪತ್ರೆ ಸೇರಿದ ಹದಿನೈದು ದಿನಕ್ಕೆ ಹೋದಳು. ದಿಢೀರನೆ ಆಗಿಹೋಯಿತು ಎಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ಅತ್ತಿದ್ದೆ.

ದಿಢೀರನೆಯೇ?

ರುದ್ರೇಶನ ಮೇಲೆ ಕೆಟ್ಟ ಸಿಟ್ಟು ಬಂತು. ನನಗೊಂದು ಮಾತು ಹೇಳಬಾರದಿತ್ತೇನೋ ಎಂದು ಕೇಳಿಯೂಬಿಟ್ಟೆ. ಆದರೆ ಪಾಪ, ಅವನಾದರೂ ಮೂರು ಸಲ ಅವಳ ಕೈ ಹಿಡಿದು ನೋಡಿದ್ದ. ನಾನು? ಗೌರಿ ಹಬ್ಬಕ್ಕೆ, ಬಳೆ ತಗೋ ಎಂದು ಕವರಿನಲ್ಲಿ ದುಡ್ಡಿಟ್ಟು ಕೊಟ್ಟವನು ಸೈಜು ಕೇಳಿದವನಲ್ಲ. ಕೆನ್ನೆ ಇಳಿದದ್ದು ಕಂಡಾಗ, "ಏನಕ್ಕಾ, ಡಯಟ್ಟಾ?" ಎಂದು ರೇಗಿಸಿದ್ದೆ. ಅವಳು ನಕ್ಕು ಇನ್ನೊಂದು ಸೌಟು ಹುಳಿ ಹಾಕಿದ್ದಳು.

ರುದ್ರೇಶನಿಗೆ ಅವನ ಲೆಕ್ಕ ಕೊಟ್ಟೆ. ಅಕ್ಕನ ಮೂರು ಸಾಲುಗಳನ್ನು ಅಳಿಸಲಿಲ್ಲ.

ಪ್ರತಿ ಭಾನುವಾರ ಆ ಕೈಯಿಂದಲೇ ಬಡಿಸಿಕೊಂಡು ಉಂಡವನಿಗೆ, ಆ ಕೈ ಸೊರಗಿದ್ದು ತಿಳಿಯಲು ಕೋಡ್ ಬರೆಯಬೇಕಾಯಿತೇ?