ಮುನಿರತ್ನಮ್ಮನ ಕೈಯ ಸದ್ದು

ರೋಗಿ ಎಲ್ಲೋ ದೂರದಲ್ಲಿರುವಾಗ ಅವರ ಸ್ನಾಯುವಿನ ಸದ್ದು ಯಂತ್ರದಲ್ಲಿ ಕೇಳಿಸಿತೆಂದು ಯಾರಾದರೂ ಹೇಳಿದ್ದರೆ, ‘ಮೊದಲು ಯಂತ್ರದ ಅರ್ಥಿಂಗ್ ಸರಿಮಾಡಿಸಿ’ ಎನ್ನುತ್ತಿದ್ದೆ. ವಿದ್ಯಾರ್ಥಿಗಳಿಗೆ ಇಂದಿಗೂ ಅದನ್ನೇ ಹೇಳುತ್ತೇನೆ. ಶಕುನ, ದೆವ್ವ, ಒಬ್ಬರ ಮನಸ್ಸು ಇನ್ನೊಬ್ಬರಿಗೆ ಮುಟ್ಟುವುದು, ಇದ್ಯಾವುದನ್ನೂ ನಂಬಿದವಳಲ್ಲ ನಾನು. ಹಾಗಾಗಿ ನೀವು ಇದನ್ನು ನಂಬದಿದ್ದರೆ ನನಗೆ ಬೇಸರವಿಲ್ಲ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಾನು ನರರೋಗ ವೈದ್ಯೆ. ಕೆಲವು ವರ್ಷಗಳ ಹಿಂದೆ ಪ್ರತಿ ಶನಿವಾರ ಚಿಂತಾಮಣಿಯ ಒಂದು ನರ್ಸಿಂಗ್ ಹೋಮಿಗೆ ಹೋಗಿ ಇಎಂಜಿ ಪರೀಕ್ಷೆ ಮಾಡುತ್ತಿದ್ದೆ. ಸಣ್ಣ ಸೂಜಿಯೊಂದನ್ನು ಸ್ನಾಯುವಿಗೆ ಚುಚ್ಚಿದರೆ ಅಲ್ಲಿನ ವಿದ್ಯುತ್ತು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ, ಸ್ಪೀಕರಿನಲ್ಲಿ ಸದ್ದಾಗಿ ಕೇಳುತ್ತದೆ. ಬೆನ್ನುಹುರಿಯ ಒಂದು ನರಕೋಶ ಮತ್ತು ಅದರ ಮಾತು ಕೇಳುವ ಸ್ನಾಯುವಿನ ಎಳೆಗಳು ಸೇರಿದರೆ ಒಂದು ಮೋಟಾರ್ ಯೂನಿಟ್. ಆರೋಗ್ಯವಂತರು ಮುಷ್ಟಿ ಬಿಗಿದರೆ ತಗಡಿನ ಮೇಲೆ ಮಳೆ ಸುರಿದ ಹಾಗೆ ಎಲ್ಲ ಯೂನಿಟ್‌ಗಳೂ ಒಟ್ಟಿಗೆ ಗದ್ದಲ ಮಾಡುತ್ತವೆ. ನರಕೋಶಗಳು ಸಾಯುವ ಕಾಯಿಲೆಯಲ್ಲಿ ಆ ಗದ್ದಲ ತೆಳ್ಳಗಾಗುತ್ತ ಬಂದು, ಉಳಿದವು ಬಿಡಿಬಿಡಿಯಾಗಿ ಕೇಳತೊಡಗುತ್ತವೆ. ಒಂದೊಂದರ ಗೆರೆಗೂ ಅದರದೇ ಆಕಾರ.

ಒಂದು ಶನಿವಾರ ಶಿಡ್ಲಘಟ್ಟದ ಹತ್ತಿರದ ಮೇಲೂರಿನಿಂದ ಒಬ್ಬರು ಬಂದರು. ಮುನಿರತ್ನಮ್ಮ ಎಂದು ಕರೆಯುತ್ತೇನೆ, ನಿಜವಾದ ಹೆಸರು ಬೇರೆ. ನಲವತ್ತೈದರ ಸುಮಾರು. ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ಬೆರಳಿಟ್ಟು ರೇಷ್ಮೆಗೂಡಿನ ನೂಲು ತೆಗೆದ ಹೆಂಗಸು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಕರಗಿ ಅಲ್ಲಿ ಗುಳಿ ಬಿದ್ದಿತ್ತು. ಜೊತೆಗೆ ಮಗಳು ಪವಿತ್ರ.

“ಎಳೆ ಸಿಗ್ತಾನೇ ಇಲ್ಲ ಮೇಡಂ. ಕಣ್ಗೆ ಕಾಣ್ತದೆ, ಬೆರಳು ಹೋಗಲ್ಲ” ಎಂದರು ತಾಯಿ.

ಸೂಜಿ ಆ ಗುಳಿಗೆ ಇಳಿಯಿತು. ಬೆರಳು ಒತ್ತಲು ಹೇಳಿದೆ. ಅವರ ಮುಖ ಕೆಂಪಗಾಯಿತು, ಬೆರಳು ಅಲುಗಲಿಲ್ಲ. ಸ್ಪೀಕರಿನಲ್ಲಿ ಮಾತ್ರ ಒಂದು ಸದ್ದು: ಟಕ್, ಟಕ್, ಟಕ್. ನಿಧಾನ, ಒಂದೇ ಸಮ. ಸೂಜಿಯನ್ನು ಅತ್ತಿತ್ತ ಸರಿಸಿ ಹುಡುಕಿದೆ. ಬೇರೆ ಏನೂ ಸಿಗಲಿಲ್ಲ. ಎರಡು ಎತ್ತರದ ಮೊನೆ, ಅವುಗಳ ಹಿಂದೆ ಸ್ವಲ್ಪ ದೂರದಲ್ಲಿ ಒಂದು ಪುಟ್ಟ ಮೊನೆ, ಇದು ಆ ಗೆರೆಯ ಆಕಾರ.

ಮುನಿರತ್ನಮ್ಮ ತಲೆ ಎತ್ತಿ ಕೇಳಿದರು. “ಅದು ನಂದೇನಾ?”

“ಹೌದಮ್ಮ, ನಿಮ್ಮದೇ.”

“ಒಂದೇನಾ ಇರೋದು?”

“ಇಲ್ಲಿ ಸಿಕ್ಕಿದ್ದು ಒಂದು.”

ಸೂಜಿ ತೆಗೆಯುವಾಗ, “ಒಂದಾದ್ರೂ ಐತಲ್ಲ” ಎಂದು ಮಗಳ ಕಡೆ ನೋಡಿ ನಕ್ಕರು. ಪವಿತ್ರ ನಗಲಿಲ್ಲ.

ಇಬ್ಬರೂ ಎರಡೂವರೆಗೆ ಶಿಡ್ಲಘಟ್ಟದ ಬಸ್ಸು ಹಿಡಿಯಲು ಹೊರಟರು. ಬಳಸಿದ ಸೂಜಿ ಡಬ್ಬಿಗೆ ಹೋಯಿತು. ಖಾಲಿ ತಂತಿ ಸ್ಟ್ಯಾಂಡಿಗೆ ನೇತುಬಿತ್ತು. ಟೆಕ್ನಿಷಿಯನ್ ನಸ್ರೀನ್ ಪಕ್ಕದ ಕೋಣೆಯಲ್ಲಿ ಊಟಕ್ಕೆ ಕೂತಿದ್ದಳು, ನಾನು ಯಂತ್ರಕ್ಕೆ ಬೆನ್ನು ಮಾಡಿ ರಿಪೋರ್ಟ್ ಬರೆಯುತ್ತಿದ್ದೆ. ಮೂರು ದಾಟಿ ಕೆಲವು ನಿಮಿಷಗಳಾಗಿರಬೇಕು. ಹಿಂದಿನಿಂದ ಟಕ್ ಎಂದಿತು.

ತಿರುಗಿದೆ. ಮಂಚ ಖಾಲಿ. ಪರದೆಯ ಮೇಲೆ ಅದೇ ಆಕಾರ, ಎರಡು ಮೊನೆ, ಹಿಂದೊಂದು ಪುಟ್ಟದು. ಖಾಲಿ ತಂತಿ ಗಾಳಿಯಲ್ಲಿರುವ ವಿದ್ಯುತ್ತನ್ನು ಎಳೆದುಕೊಂಡು ಗುಂಯ್ ಎನ್ನುವುದುಂಟು, ಅದು ನನಗೆ ಗೊತ್ತು. ಇದು ಆ ಸದ್ದಲ್ಲ. ಅವರ ಪರೀಕ್ಷೆಯ ರೆಕಾರ್ಡಿಂಗ್ ಮತ್ತೆ ಓಡುತ್ತಿದೆಯೇ ಎಂದು ನೋಡಿದೆ. ಓಡುತ್ತಿರಲಿಲ್ಲ. ಕೈ ತಾನಾಗಿ ರೆಕಾರ್ಡ್ ಗುಂಡಿ ಒತ್ತಿತು.

ಊಟದ ಕೈಯಲ್ಲೇ ಬಾಗಿಲಿಗೆ ಬಂದ ನಸ್ರೀನ್, “ಪೇಷೆಂಟ್ ಬಂದ್ರಾ ಮೇಡಂ?” ಎಂದಳು. ಮಂಚ ನೋಡಿ ಅಲ್ಲೇ ನಿಂತಳು.

ಸದ್ದು ವೇಗವಾಗತೊಡಗಿತು. ಪರೀಕ್ಷೆಯಲ್ಲಿ ಎಷ್ಟು ಹುರಿದುಂಬಿಸಿದರೂ ಅದು ನಿಧಾನ ಬಿಟ್ಟಿರಲಿಲ್ಲ. ಈಗ ಯಾರೋ ಶಕ್ತಿಯೆಲ್ಲ ಹಾಕಿ ಏನನ್ನೋ ಹಿಡಿದ ಹಾಗೆ ಒಂದರ ಹಿಂದೆ ಒಂದು ಬಡಿಯುತ್ತಿತ್ತು. ತಂತಿಯನ್ನು ಯಂತ್ರದಿಂದ ಕಿತ್ತುಬಿಟ್ಟೆ. ಆಮೇಲೂ ನಾಲ್ಕೈದು ಸಲ ಬಡಿಯಿತು. ಮತ್ತೆ ಒಮ್ಮೆಲೇ ನಿಂತಿತು.

“ನಾನ್ ಏನೂ ಮುಟ್ಟಿಲ್ಲ ಮೇಡಂ, ಅಲ್ಲಾ ಕಸಂ” ಎಂದಳು ನಸ್ರೀನ್.

ಕೂರಲಾಗಲಿಲ್ಲ. ಕಾರಿಡಾರಿನಲ್ಲಿ ಎರಡು ಸಲ ಅತ್ತಿಂದಿತ್ತ ನಡೆದೆ. ಫೋನು ಕೈಗೆತ್ತಿಕೊಂಡು ಮತ್ತೆ ಇಟ್ಟೆ. ಏನೆಂದು ಕೇಳುವುದು? ಕೊನೆಗೆ ರಿಪೋರ್ಟಿನ ನೆಪ ಮಾಡಿ ಪವಿತ್ರಳಿಗೆ ಫೋನು ಮಾಡಿದೆ. ಬಸ್ಸಿನ ಗಲಾಟೆಯ ನಡುವೆ ಅವಳು ಕೂಗಿ ಮಾತಾಡಿದಳು.

“ಮೇಡಂ, ನೀವೇ ಫೋನ್ ಮಾಡಿದ್ರಾ! ಡ್ರೈವರ್ ಗಕ್ಕಂತ ಬ್ರೇಕ್ ಹಾಕ್ಬಿಟ್ಟ. ನಮ್ ಮುಂದೆ ಒಂದ್ ಹೆಣ್ ಮಗು ನಿಂತಿತ್ತು, ಬಾಗ್ಲು ಕಡೆ ಜಾರೋಯ್ತು. ಅಮ್ಮ ಅದರ ಫ್ರಾಕ್ ಹಿಡ್ಕೊಂಡ್ಬಿಟ್ರು. ಬಲಗೈಯಲ್ಲಿ ಮೇಡಂ! ಲೋಟ ಹಿಡಿಯಕ್ಕೇ ಆಗಲ್ಲ ಆ ಕೈಯಲ್ಲಿ. ಮಗು ತಾಯಿ ಎತ್ಕೊಳ್ಳೋ ತನಕ ಬಿಡ್ಲಿಲ್ಲ.”

“ಯಾವಾಗ?”

“ಈಗ್ಲೇ, ಒಂದ್ ಹತ್ತು ನಿಮಿಷ ಆಗಿರ್ಬೋದು.”

ಹಿಂದಿನಿಂದ ಮುನಿರತ್ನಮ್ಮನ ದನಿ ಕೇಳಿಸಿತು. “ಅಯ್ಯೋ ದೇವುಡಾ, ಹೇಗ್ ಹಿಡ್ಕೊಂಡ್ನೋ ನಂಗೇ ಗೊತ್ತಿಲ್ಲ ಅಂತ ಹೇಳೇ.”

ಯಂತ್ರದ ಸದ್ದಿನ ವಿಷಯ ಅವರಿಗೆ ನಾನು ಹೇಳಲಿಲ್ಲ. ಅವರು ಹಿಡಿದದ್ದಕ್ಕೆ ಕಾರಣ ಕೊಡಬಲ್ಲೆ. ಮುಂಗೈಯ ಸ್ನಾಯುಗಳಲ್ಲಿ ಇನ್ನೂ ಒಂದಿಷ್ಟು ಬಲವಿತ್ತು, ಗಾಬರಿ ಉಳಿದದ್ದನ್ನು ಮಾಡಿಸಿರಬಹುದು. ನನ್ನ ಕೋಣೆಯಲ್ಲಿ ಕೇಳಿದ್ದಕ್ಕೆ ಮಾತ್ರ ಕಾರಣವಿಲ್ಲ.

ಮುಂದಿನ ವಾರ ಯಂತ್ರದ ಕಂಪನಿಯ ಇಂಜಿನಿಯರ್ ಬಂದು ಎಲ್ಲ ಬಿಚ್ಚಿ ನೋಡಿ, ಹಳೆಯದೇನೋ ಮೆಮೊರಿಯಲ್ಲಿ ಉಳಿದಿರಬೇಕು ಎಂದ. ಹಳೆಯದು ವೇಗ ಹೆಚ್ಚಿಸಿಕೊಳ್ಳುವುದು ಹೇಗೆ ಎಂದು ಕೇಳಿದೆ. ಬಿಲ್ಲು ಬರೆದುಕೊಟ್ಟು ಹೋದ. ನನಗೆ ಈ ವಿದ್ಯೆ ಕಲಿಸಿದ ಹಿರಿಯ ವೈದ್ಯರಿಗೆ ಎರಡೂ ರೆಕಾರ್ಡಿಂಗ್‌ಗಳನ್ನು ಹೆಸರು ಮರೆಮಾಡಿ ತೋರಿಸಿದೆ. ಅವರು ಒಂದು ಕ್ಷಣವೂ ತಡಮಾಡಲಿಲ್ಲ. “ಎರಡೂ ಒಂದೇ ಯೂನಿಟ್ಟು ಕಣಮ್ಮ. ಎರಡನೇ ಸಲ ಪೇಷೆಂಟ್ ಚೆನ್ನಾಗಿ ಪ್ರಯತ್ನ ಪಟ್ಟಿದ್ದಾರೆ.” ಸೂಜಿ ಎಲ್ಲಿತ್ತೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೂರು ತಿಂಗಳ ಮೇಲೆ ಮುನಿರತ್ನಮ್ಮ ಮತ್ತೆ ಬಂದರು. ಈಗ ಎಡಗೈಯೂ ಸೋತಿತ್ತು. ಅದೇ ಬಲಗೈ, ಅದೇ ಗುಳಿ. ಒತ್ತಿ ಎಂದೆ. ಅವರು ಒತ್ತಿದರು, ಕಣ್ಣಲ್ಲಿ ನೀರು ಬರುವಷ್ಟು. ಸ್ಪೀಕರಿನಲ್ಲಿ ಏನೂ ಇಲ್ಲ. ಸೂಜಿಯನ್ನು ಎಷ್ಟೋ ಹೊತ್ತು ಹುಡುಕಾಡಿಸಿದೆ, ವೈದ್ಯೆಯೊಬ್ಬಳು ಹುಡುಕಬೇಕಾದ್ದಕ್ಕಿಂತ ಹೆಚ್ಚು. ನಸ್ರೀನ್ ನನ್ನ ಭುಜ ಮುಟ್ಟಿದಾಗ ನಿಲ್ಲಿಸಿದೆ.

“ಎಲ್ಲೋಯ್ತು ಮೇಡಂ ಅದು?” ಎಂದು ಕೇಳಿದರು ಮುನಿರತ್ನಮ್ಮ.

ನರಕೋಶ ಸತ್ತಿದೆ ಎಂಬ ಉತ್ತರ ನನ್ನ ಬಾಯಲ್ಲೇ ಇತ್ತು. ಅದು ಸರಿಯಾದ ಉತ್ತರವೂ ಹೌದು. ಆದರೆ ಆ ಸದ್ದು ಒಂದು ಮಧ್ಯಾಹ್ನ ನನ್ನ ಕೋಣೆಗೆ ಹೇಗೆ ಬಂದಿತ್ತು ಎಂಬುದೇ ತಿಳಿಯದವಳು, ಎಲ್ಲಿಗೆ ಹೋಯಿತೆಂದು ಯಾವ ಬಾಯಲ್ಲಿ ಹೇಳಲಿ? ಗೊತ್ತಿಲ್ಲಮ್ಮ ಎಂದೆ.